ಸೋಲದೇವನಹಳ್ಳಿಗೆ ಸುತ್ತು ದಾರಿ

ಗ್ಲ್ಯಾಂಪಿಂಗ್ ಅಂದ್ರೆ ಮಂಚ, ಗೀಸರ್, ಎಸಿ ಎಲ್ಲಾ ಇರೋ ಟೆಂಟಲ್ಲಿ ಮಲಗೋದು. ನಮ್ಮ ಮದುವೆ ವಾರ್ಷಿಕೋತ್ಸವಕ್ಕೆ ಅಂತ ನಾನು ಬುಕ್ ಮಾಡಿದ ತೋಟ ಸೋಲದೇವನಹಳ್ಳಿಯ ಆಚೆ, ಗಂಗಾನಗರದ ನಮ್ಮ ಮನೆಗೆ ತೀರಾ ಹತ್ತಿರ. ಆದರೆ ದಾರಿಯಲ್ಲಿ ಇಳಿದು ತಿಂಡಿ ತಿನ್ನದಿದ್ದರೆ ಅದು ಟ್ರಿಪ್ಪೇ ಅಲ್ಲ ಅನ್ನೋದು ನನ್ನ ಹೆಂಡತಿಯ ಕಾನೂನು. ಅದಕ್ಕೇ ಜಾಗ ಎಲ್ಲಿ ಅಂತ ಬಾಯಿ ಬಿಡದೆ, ಕಾರನ್ನು ದೇವನಹಳ್ಳಿ, ದೊಡ್ಡಬಳ್ಳಾಪುರ ಅಂತ ಸುತ್ತು ಹೊಡೆಸಿದೆ. ತಟ್ಟೆ ಇಡ್ಲಿ ಆಯ್ತು, ಎಳನೀರಾಯ್ತು. ಅವಳು ಹಾಡು ಗುನುಗತೊಡಗಿದಳು. ಗೆದ್ದೆ ಅಂದುಕೊಂಡೆ.

ತೋಟದ ಯಜಮಾನರು ಗೇಟಿನಲ್ಲೇ ನನ್ನ ಮಾನ ಹರಾಜು ಹಾಕಿದರು. "ಒತ್ತಾರೆನೇ ಒಂಟ್ವಿ ಅಂತ ಫೋನ್ ಮಾಡಿದ್ರಲ್ಲ ಸಾಮಿ. ಗಂಗಾನಗರ ಇಲ್ಲೇ ಐತೆ, ದಾರಿ ಏನಾರ ತಪ್ಪಿದ್ರಾ?"

ನಾನು ಗೇಟಿನ ಪಕ್ಕದಲ್ಲೇ ಇದ್ದ ಟೆಂಟಿನ ಬಟ್ಟೆ ಎಷ್ಟು ಗಟ್ಟಿ ಅಂತ ಮುಟ್ಟಿ ನೋಡತೊಡಗಿದೆ.

"ಅದೇ ಪೆಟ್ರೋಲ್ ಬಂಕ್ ಎರಡನೇ ಸಲ ಬಂದಾಗ್ಲೇ ನಂಗೆ ಗೊತ್ತಾಯ್ತು ಕಣ್ರೀ," ಅಂದಳು ಹೆಂಡತಿ.

"ಮತ್ತೆ ಯಾಕೆ ಸುಮ್ನಿದ್ದೆ?"

"ಎಳನೀರು ಇನ್ನೂ ಬಾಕಿ ಇತ್ತಲ್ಲ. ನಾಳೆ ವಾಪಸ್ಸೂ ಅದೇ ದಾರೀಲಿ ಹೋಗೋಣ."

ಹಾಗೇ ಹೋದೆವು. ಬಂಕಿನವರು ಗುರುತು ಹಿಡಿದು ಕೈ ಬೀಸಿದರು ಅಂತ ಎಲ್ಲರಿಗೂ ಹೇಳ್ಕೊಂಡು ಬರ್ತಿದ್ದೀನಿ. ಇಡೀ ಕಥೆಯಲ್ಲಿ ಸುಳ್ಳು ಅಂದ್ರೆ ಅದೊಂದೇ.