ಹದಿನೆಂಟು ಮೆಟ್ಟಿಲ ಕೆಳಗಿನ ಪಿಟೀಲು

ಅತ್ತಿಬೆಲೆಗೆ ಬಂದ ದಿನ ನಮ್ಮನೆಯವರು ನನ್ನನ್ನು ಎತ್ತಿಕೊಂಡು ಹದಿನೆಂಟು ಮೆಟ್ಟಿಲು ಹತ್ತಿ, ಬಾಡಿಗೆ ಕೋಣೆಯಲ್ಲಿ ಕೂರಿಸಿದರು. ಆಮೇಲೆ ನಾಲ್ಕು ತಿಂಗಳು ನಾನು ನೆಲಕ್ಕೆ ಇಳಿಯಲೇ ಇಲ್ಲ.

ಚಿಕ್ಕಂದಿನಲ್ಲಿ ಬಂದ ಪೋಲಿಯೊದಿಂದ ನನ್ನ ಕಾಲುಗಳಲ್ಲಿ ಬಲವಿಲ್ಲ. ನಮ್ಮೂರು ಗುಳೇದಗುಡ್ಡದಲ್ಲಿ ಅದು ಅಷ್ಟು ದೊಡ್ಡ ಮಾತಾಗಿರಲಿಲ್ಲ. ನಮ್ಮ ಮನೆ ಓಣಿಯ ಮಟ್ಟಕ್ಕೇ ಇತ್ತು. ಹೊಸ್ತಿಲು ದಾಟಿದರೆ ಮೂರುಗಾಲಿ ಸೈಕಲ್ಲು. ಕೈಯಿಂದ ತಿರುಗಿಸುತ್ತ ಸಂತೆಗೂ ಹೋಗಿಬರುತ್ತಿದ್ದೆ. ಇಲ್ಲಿ ಅದೇ ಸೈಕಲ್ಲು ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿತ್ತು. ಕೆಳಗಿನ ಮನೆ ಯಾವುದೂ ಖಾಲಿ ಸಿಗಲಿಲ್ಲ. ಇಲ್ಲಿನ ಕಾರ್ಖಾನೆಗೆ ಕೆಲಸಕ್ಕೆ ಸೇರಿ, ದಿನವೂ ಸೋತು ಬರುತ್ತಿದ್ದ ಗಂಡನಿಗೆ 'ನನ್ನ ಇಳಸ್ರಿ' ಎನ್ನಲು ಬಾಯಿ ಬರುತ್ತಿರಲಿಲ್ಲ.

ಮೊದಲು ಪರಿಚಯವಾದವರು ಮನೆಯ ಮಾಲೀಕರಾದ ಮುನಿಯಮ್ಮ. ನಾನು ರೊಟ್ಟಿ ಬಡಿಯುವ ಸದ್ದಿಗೆ ಮೇಲೆ ಬಂದರು.

"ಅದೇನಮ್ಮ, ಬೆಳಿಗ್ಗೆ ಎದ್ದು ಇಂಗೆ ಕುಟ್ತೀಯಾ?"

ಬಿಸಿ ರೊಟ್ಟಿ ಕೊಟ್ಟೆ. ಮರುದಿನ ಅವರು ಮುದ್ದೆ, ಉಪ್ಸಾರು ತಂದರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಕಲಿಸಿದರು. ನಾನು ಪಾವಟಿಗೆ ಎಂದರೆ ಅವರಿಗೆ ತಿಳಿಯದು. ಇಲ್ಲಿ ಅದು ಮೆಟ್ಲು. ಮದುವೆ ಮಂಟಪಕ್ಕೆ ಇಲ್ಲಿನವರು ಛತ್ರ ಎನ್ನುತ್ತಾರೆ.

ಒಂದು ಶನಿವಾರ ಮಧ್ಯಾಹ್ನ ಬಂದು ಹೇಳಿದರು: "ಛತ್ರದಲ್ಲಿ ಇವತ್ತು, ನಾಳೆ ಎರಡು ದಿನ ಪಿಟೀಲು ಬಾರಿಸ್ತಾರಂತೆ. ಯಾರು ಬೇಕಾದ್ರೂ ಬರಬೌದಂತೆ. ನಡೆಯೋಕಾಗದವ್ರಿಗೆ ಅಂತ ಇಳಿಜಾರು ಬೇರೆ ಮಾಡವ್ರೆ. ಬತ್ತೀಯಾ?"

ನಮ್ಮನೆಯವರು ಬರುವುದು ಸಂಜೆಗೆ.

"ಬರ್ತೀನ್ರಿ," ಎಂದುಬಿಟ್ಟೆ.

ಮೆಟ್ಟಿಲ ಮೇಲೆ ಕೂತು, ಅಂಗೈ ಊರಿ, ಒಂದೊಂದಾಗಿ ಜಾರಿದೆ. ಎದುರು ಮನೆಯವರು ಹೊರಗೆ ಬಂದು ನೋಡುತ್ತಿದ್ದರು. ತಲೆ ಎತ್ತಲಾಗಲಿಲ್ಲ. ಮುನಿಯಮ್ಮ ನನ್ನ ಮುಂದೆ ಇಳಿಯುತ್ತ, ನನ್ನ ಸೀರೆ ಸರಿಮಾಡುತ್ತ, "ಅದೇನ್ ನೋಡ್ತೀರಿ, ನಿಮ್ ಕೆಲ್ಸ ನೋಡ್ಕೊಳ್ಳಿ," ಎಂದು ಅವರನ್ನು ಒಳಗೆ ಕಳಿಸಿದರು. ಸೈಕಲ್ಲಿನ ಧೂಳನ್ನು ತಮ್ಮ ಸೆರಗಿನಿಂದಲೇ ಒರೆಸಿದರು.

ಛತ್ರದಲ್ಲಿ ಮೈಕಿರಲಿಲ್ಲ. ಪಿಟೀಲಿನವರು ನಾಲ್ವರು ಎದುರುಬದುರಾಗಿ ಕೂತಿದ್ದರು. ಒಬ್ಬರ ಪಿಟೀಲು ಆಳೆತ್ತರದ್ದು, ಅದನ್ನು ನೆಲಕ್ಕೆ ಊರಿ ನುಡಿಸುತ್ತಿದ್ದರು. ಕಾರ್ಯಕ್ರಮ ಏರ್ಪಡಿಸಿದ್ದ ನಿವೃತ್ತ ಮೇಷ್ಟ್ರು, "ಇದು ಹೊರದೇಶದಲ್ಲಿ ಕೋಣೆಯಲ್ಲಿ ಕೂತು ನುಡಿಸೋ ಸಂಗೀತ. ಹತ್ತಿರ ಬನ್ನಿ. ಮಕ್ಕಳು ಅತ್ತರೂ ಪರವಾಗಿಲ್ಲ," ಎಂದರು. ಒಂದು ಕೋಣೆ ಬಿಟ್ಟು ಇನ್ನೊಂದು ಕೋಣೆಯದನ್ನು ಕೇಳಲು ಬಂದೆನಲ್ಲ ಎಂದು ನಗು ಬಂತು. ಒಬ್ಬರು ಆರಂಭಿಸಿದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ದೊಡ್ಡ ಪಿಟೀಲಿನ ದನಿಗೆ ನನ್ನ ಸೈಕಲ್ಲಿನ ಹಿಡಿಕೆ ಸಣ್ಣಗೆ ನಡುಗಿತು. ಅರ್ಥವಾಯಿತು ಎನ್ನಲಾರೆ. ಆದರೆ ಅಷ್ಟು ಜನರ ನಡುವೆ ಯಾರೂ ನನ್ನ ಕಾಲು ನೋಡುತ್ತಿರಲಿಲ್ಲ.

ನಡುವೆ ನಮ್ಮನೆಯವರು ಕಾರ್ಖಾನೆಯ ಬಟ್ಟೆಯಲ್ಲೇ ಓಡಿಬಂದರು. ನಾವು ಇತ್ತ ಬಂದದ್ದನ್ನು ಎದುರು ಮನೆಯವರು ಹೇಳಿದ್ದರಂತೆ.

"ಮನ್ಯಾಗ ನೀ ಇಲ್ಲ. ಜೀವಾ ಹೋದಂಗಾತು ನಂದು. ಬಿದ್ದಿದ್ರ?"

"ಬೀಳಲಿಲ್ಲಲ್ರಿ," ಎಂದೆ.

ಮುಗಿಯುವವರೆಗೆ ಪಕ್ಕದಲ್ಲೇ ಕೂತರು. ಆಮೇಲೆ ಮನೆಗೆ ಬಂದು ನನ್ನನ್ನು ಹೊತ್ತು ಮೆಟ್ಟಿಲು ಹತ್ತಿದರು. ಇಳಿದ ಹಾಗೆ ಹತ್ತಲು ನನ್ನಿಂದಾಗದು ಎಂದು ಆಗ ತಿಳಿಯಿತು.

ಭಾನುವಾರ ನಮ್ಮನೆಯವರಿಗೆ ಕಾರ್ಖಾನೆಯಲ್ಲಿ ಓಟಿ ಕೆಲಸ ಇತ್ತು. ಮಧ್ಯಾಹ್ನ ಮುನಿಯಮ್ಮ ಕೆಳಗಿನಿಂದ, "ಬತ್ತೀಯಾ?" ಎಂದು ಕೂಗಿದರು. ಎರಡೂ ಅಂಗೈ ಸುಲಿದಿದ್ದವು. "ನೀವ್ ಹೋಗಿ ಬರ್ರಿ," ಎಂದೆ. ಅವರು ತಿರುವು ದಾಟುವವರೆಗೆ ಬಾಗಿಲಲ್ಲಿ ಕೂತು ನೋಡಿದೆ. ಛತ್ರ ಎರಡೇ ಬೀದಿ ಆಚೆ. ಕೇಳಿಸಿದ್ದು ಹೊಸೂರು ರಸ್ತೆಯ ಲಾರಿಗಳು ಮಾತ್ರ.

ಆಗಲೇ ಊರಿನಿಂದ ಅವ್ವನ ಫೋನು ಬಂತು. ಪಿಟೀಲಿನ ಸುದ್ದಿಯನ್ನೆಲ್ಲ ಹೇಳಿದೆ. ಅಂಗೈ ಸುದ್ದಿ ಹೇಳಲಿಲ್ಲ. ಅವ್ವ, "ಹಂಗಾರ ನಿನಗ ಅಲ್ಲೇ ಚೊಲೊ ಆತೇನು? ಇಲ್ಲಾ, ಬಂದ್ ಬಿಡ್ತಿಯೇನ?" ಎಂದಳು.

ಸುಲಿದ ಒಂದು ಅಂಗೈಯನ್ನು ಬಾಗಿಲ ಗಾಳಿಗೆ ಒಡ್ಡಿದೆ.

"ಇಲ್ಲಿ ಗಾಳಿ ಭಾಳ ತಂಪೈತವ್ವಾ," ಎಂದೆ.