ಹೆಸರಿನ ಪಕ್ಕದ ಹಸಿರು ಚುಕ್ಕೆ

ಜನ ಲಾಗಿನ್ ಆಗುವುದು ಬರೆಯುವುದಕ್ಕೆ. ನಾನು ಆಗುತ್ತಿದ್ದುದು ಕಾಣಿಸಿಕೊಳ್ಳುವುದಕ್ಕೆ. ಆ ಕನ್ನಡ ಚರ್ಚಾ ವೇದಿಕೆಯಲ್ಲಿ ಬರೀ ಓದುವುದಾದರೆ ಹೆಸರೂ ಬೇಡ, ಪಾಸ್‌ವರ್ಡೂ ಬೇಡ. ಯಾರು ಬೇಕಾದರೂ ಬಂದು ಓದಿಕೊಂಡು ಹೋಗಬಹುದಿತ್ತು. ನಾನು ಮಾತ್ರ ಪ್ರೆಸ್ಸಿನ ಬಾಗಿಲು ತೆಗೆದವಳೇ, ಕಸ ಗುಡಿಸುವುದಕ್ಕೂ ಮೊದಲು ಕಂಪ್ಯೂಟರ್ ಹಚ್ಚಿ ಲಾಗಿನ್ ಆಗುತ್ತಿದ್ದೆ. ಆದ ಕೂಡಲೇ ಪುಟದ ಕೆಳಗೆ ‘ಈಗ ಇಲ್ಲಿರುವವರು’ ಎಂಬ ಸಾಲಿನಲ್ಲಿ ನನ್ನ ಹೆಸರು ಬರುತ್ತಿತ್ತು, ಪಕ್ಕದಲ್ಲಿ ಎಳ್ಳುಕಾಳಿನಷ್ಟು ಹಸಿರು ಚುಕ್ಕೆ. ಅದನ್ನು ಒಮ್ಮೆ ನೋಡಿದ ಮೇಲೆಯೇ ನಾನು ಪೊರಕೆ ಹಿಡಿಯುತ್ತಿದ್ದುದು. ಸಂಜೆ ಹೋಗುವಾಗಲೂ ಲಾಗೌಟ್ ಆಗುತ್ತಿರಲಿಲ್ಲ. ಹಾಗೇ ಎದ್ದು ಹೋದರೆ ಚುಕ್ಕೆ ಇನ್ನೊಂದಿಷ್ಟು ಹೊತ್ತು ಉಳಿಯುತ್ತಿತ್ತು. ನಾನು ಬಸ್ಸಿನಲ್ಲಿ ನೂಕಿಸಿಕೊಳ್ಳುತ್ತಿರುವಾಗ ಎಲ್ಲೋ ಒಂದು ಕಡೆ ನಾನು ಹಾಯಾಗಿ ಕೂತಿದ್ದೇನೆ ಎನ್ನುವುದು ನನಗೆ ಇಷ್ಟವಾಗಿತ್ತು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ತಾಲೂಕು ಊರುಗಳಿಗೆ ನೆಟ್ ಆಗಷ್ಟೇ ಬಂದಿತ್ತು. ನಾನು ಗದಗ ಜಿಲ್ಲೆಯ ರೋಣದ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮೇಲೆ ಅಕ್ಷರ ಕೂಡಿಸುವ ಕೆಲಸದಲ್ಲಿದ್ದೆ. ಜಕ್ಕಲಿಯಿಂದ ಮುಂಜಾನೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹಿಂದಿರುಗುವ ಬಾಳು. ವಯಸ್ಸು ಮೂವತ್ತು ದಾಟಿತ್ತು. ತಾಲೂಕಿನ ಅರ್ಧ ಲಗ್ನಪತ್ರಿಕೆಗಳು ನನ್ನ ಕೈಯಲ್ಲೇ ತಯಾರಾಗುತ್ತಿದ್ದವು, ನನ್ನದೊಂದನ್ನು ಬಿಟ್ಟು. ಇದನ್ನು ನಾನೇ ಮೊದಲು ಹೇಳಿ ನಕ್ಕುಬಿಡುತ್ತಿದ್ದೆ. ಬೇರೆಯವರು ಹೇಳುವುದಕ್ಕೆ ಏಕೆ ಜಾಗ ಕೊಡಬೇಕು? ಜೊತೆಗೆ ಓದಿದವರೆಲ್ಲ ಗಂಡನ ಮನೆಗಳಲ್ಲಿದ್ದರು. ದಿನವಿಡೀ ನನ್ನ ಜೊತೆ ಮಾತನಾಡುತ್ತಿದ್ದವರು ಗಿರಾಕಿಗಳು, ಅವರ ಮಾತು ‘ದೇವರ ಚಿತ್ರ ಸ್ವಲ್ಪ ದೊಡ್ಡದ ಮಾಡ್ರಿ’ ಎನ್ನುವುದರಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು.

ಮಾಲಕರು ವಯಸ್ಸಾದ ಮುಸಲ್ಮಾನರು, ಮೆತ್ತಗಿನ ಮನುಷ್ಯ. ಲಗ್ನಪತ್ರಿಕೆಯ ಹೊಸ ನಮೂನೆ ತರಿಸಿಕೊಳ್ಳಲೆಂದು ನೆಟ್ ಹಾಕಿಸಿದ್ದರು. ಮಧ್ಯಾಹ್ನ ನಮಾಜು, ಊಟ ಮುಗಿಸಿ ಬಂದಾಗಲೂ ನಾನು ಪರದೆಯ ಮುಂದೆಯೇ ಇರುವುದನ್ನು ಕಂಡು ಹೇಳುತ್ತಿದ್ದರು:

“ಏನ್ ಓದ್ತಿಯವಾ ಅಷ್ಟು? ಕಣ್ಣು ಹೋದಾವು.”

“ಮಂದಿ ಜಗಳಾ ಓದ್ತೀನ್ರಿ.”

“ಅದಕ್ಕ ನೆಟ್ ಯಾಕ ಬೇಕು? ಬಸ್ ಸ್ಟ್ಯಾಂಡಿಗೆ ಹೋಗ್ ನಿಂದ್ರು.”

ಅವರ ಮಾತು ತಪ್ಪಲ್ಲ. ವೇದಿಕೆಯಲ್ಲಿ ಬಹುಪಾಲು ಜಗಳವೇ ಇರುತ್ತಿತ್ತು. ಆದರೆ ಬಸ್ ಸ್ಟ್ಯಾಂಡಿನ ಜಗಳದಲ್ಲಿ ನನ್ನನ್ನು ಯಾರೂ ‘ನಿಮ್ಮ ಅಭಿಪ್ರಾಯವೇನು’ ಎಂದು ಕೇಳುವುದಿಲ್ಲ. ಇಲ್ಲಿ ಕೇಳುತ್ತಿದ್ದರು. ನಾನು ಇಟ್ಟುಕೊಂಡಿದ್ದು ಒಂದು ಕಾಳಿನ ಹೆಸರು, ಗಂಡೋ ಹೆಣ್ಣೋ ಅದರಿಂದ ತಿಳಿಯುತ್ತಿರಲಿಲ್ಲ. ನಾನು ಸ್ವಲ್ಪ ಖಾರವಾಗಿ ಬರೆಯುತ್ತಿದ್ದೆ. ಅದಕ್ಕೇ ಇರಬೇಕು, ಮೊದಲ ವಾರದಲ್ಲೇ ಯಾರೋ ‘ಸರ್’ ಎಂದರು. ಆಮೇಲೆ ಎಲ್ಲರೂ ಸರ್ ಎಂದರು. ನಾನು ತಿದ್ದಲಿಲ್ಲ. ಸರ್ ಆಗಿರುವುದರಲ್ಲಿ ಬಹಳ ನೆಮ್ಮದಿ ಇದೆ. ಯಾರೂ ಮದುವೆಯ ಮಾತು ಎತ್ತುವುದಿಲ್ಲ, ಹೇಳಿದ್ದನ್ನು ಒಂದೇ ಸಲಕ್ಕೆ ನಂಬುತ್ತಾರೆ.

ಅಲ್ಲಿ ಒಬ್ಬಳಿದ್ದಳು. ಅವಳು ಒಂದು ಹಕ್ಕಿಯ ಹೆಸರು ಇಟ್ಟುಕೊಂಡಿದ್ದಳು. ತಾನು ಮೈಸೂರಿನವಳು, ಮದುವೆಯಾಗಿದೆ, ಮಹಡಿ ಮನೆ, ಕಿಟಕಿಯಾಚೆ ಮಳೆ ಎಂದೆಲ್ಲ ನುಣುಪಾದ ಕನ್ನಡದಲ್ಲಿ ಬರೆಯುತ್ತಿದ್ದಳು. ಆ ಮಹಡಿ, ಆ ಮಳೆ ಓದಿ ನನಗೆ ಹೊಟ್ಟೆಯುರಿ ಆಗುತ್ತಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆದರೆ ಒಮ್ಮೆ ಹರಟೆಯ ವಿಭಾಗದಲ್ಲಿ ನಾನು ಬರೆದೆ: ಇಡೀ ದಿನ ಅಚ್ಚಿನ ಯಂತ್ರದ ಸದ್ದಿನಲ್ಲಿರುತ್ತೇನೆ, ಅದು ನಿಂತ ಮೇಲೆ ಏನು ಮಾಡಬೇಕೆಂದು ತಿಳಿಯುವುದಿಲ್ಲ ಎಂದು. ಒಂದಿಬ್ಬರು ಇಯರ್‌ಫೋನ್ ಹಾಕಿಕೊಳ್ಳಿ ಎಂದು ಸಲಹೆ ಕೊಟ್ಟರು. ಅವಳು ಬರೆದಳು: ‘ಸರ್, ಸದ್ದು ನಿಂತಾಗಲೇ ಅಲ್ಲವೇ ಅಳು ಬರುವುದು.’

ಆ ಒಂದು ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಆ ದಿನದಿಂದ ಲಾಗಿನ್ ಆದ ಕೂಡಲೇ ಮೊದಲು ನನ್ನ ಹೆಸರು, ಆಮೇಲೆ ಅವಳ ಹೆಸರು ಹುಡುಕುವುದು ಅಭ್ಯಾಸವಾಯಿತು. ಎರಡೂ ಚುಕ್ಕೆ ಹಸಿರಾಗಿದ್ದರೆ ನನಗೆ ಅಂದಿನ ಊಟ ರುಚಿಸುತ್ತಿತ್ತು. ಮಾತು ಹೆಚ್ಚೇನೂ ಆಗುತ್ತಿರಲಿಲ್ಲ. ಒಂದೇ ಕಟ್ಟೆಯ ಮೇಲೆ ಇಬ್ಬರು ಸುಮ್ಮನೆ ಕೂತ ಹಾಗೆ, ಅಷ್ಟೇ.

ಆಗ ನಮ್ಮ ಕಡೆ ಕರೆಂಟಿನ ಗೋಳು ಹೇಳತೀರದು. ಲೋಡ್ ಶೆಡ್ಡಿಂಗ್ ಒಂದು ವಾರ ಮುಂಜಾನೆ, ಒಂದು ವಾರ ಮಧ್ಯಾಹ್ನ. ಅದರ ಮೇಲೆ ಗಾಳಿ ಬಿಟ್ಟರೆ ಹೋಯಿತು, ಎರಡು ಹನಿ ಬಿದ್ದರೆ ಹೋಯಿತು. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಅದು ಕುಂಯ್‌ಗುಡುತ್ತ ಐದು ನಿಮಿಷ ಜೀವ ಹಿಡಿಯುತ್ತಿತ್ತು. ನೆಟ್ಟಿನ ಡಬ್ಬಿಗೆ ಆ ಭಾಗ್ಯವಿರಲಿಲ್ಲ, ಕರೆಂಟಿನ ಜೊತೆಗೇ ಕಣ್ಣು ಮುಚ್ಚುತ್ತಿತ್ತು. ಕರೆಂಟ್ ಬಂದ ಮೇಲೆ ಮತ್ತೆ ಲಾಗಿನ್ ಆಗಿ ನೋಡಿದರೆ ಅವಳ ಚುಕ್ಕೆಯೂ ಇರುತ್ತಿರಲಿಲ್ಲ. ಅವಳ ಹೆಸರು ಒತ್ತಿದರೆ ಕೊನೆಯ ಭೇಟಿಯ ಹೊತ್ತು ತೋರಿಸುತ್ತಿತ್ತು. ನಮ್ಮಿಬ್ಬರಿಗೂ ಗಳಿಗೆಗೊಮ್ಮೆ ಪುಟವನ್ನು ಹೊಸದು ಮಾಡಿ ಯಾರಾದರೂ ಏನಾದರೂ ಬರೆದರೇನೋ ಎಂದು ನೋಡುವ ಚಟ. ಹಾಗಾಗಿ ಆ ಹೊತ್ತು ಪಕ್ಕಾ ಇರುತ್ತಿತ್ತು. ನಮಗೆ ಕರೆಂಟ್ ಹೋದ ಹೊತ್ತೇ ಅವಳು ಎದ್ದು ಹೋದ ಹೊತ್ತು. ಒಂದು ಸಲವಾದರೆ ಕಾಕತಾಳೀಯ. ವಾರ ಬದಲಾಗಿ ಲೋಡ್ ಶೆಡ್ಡಿಂಗ್ ಮಧ್ಯಾಹ್ನಕ್ಕೆ ಬಂದಾಗ ಅವಳೂ ಮಧ್ಯಾಹ್ನಕ್ಕೇ ಮಾಯವಾಗತೊಡಗಿದಳು.

ಆಮೇಲೊಂದು ದಿನ, ಲೋಡ್ ಶೆಡ್ಡಿಂಗ್ ಹೊತ್ತೇ ಅಲ್ಲದಾಗ, ಸುಂಟರಗಾಳಿ ಎದ್ದು ದೊಡ್ಡ ಲೈನೇ ಟ್ರಿಪ್ ಆಯಿತು. ಗಜೇಂದ್ರಗಡದಿಂದ ಕಾರ್ಡ್ ಒಯ್ಯಲು ಬಂದಿದ್ದ ಗಿರಾಕಿ, “ನಮ್ಮೂರಾಗೂ ಹೋಗೇದಂತ್ರಿ, ಈಗ ಫೋನ್ ಬಂತು” ಎಂದ. ಸಂಜೆ ಕರೆಂಟ್ ಬಂದ ಮೇಲೆ ನೋಡಿದರೆ ಅವಳ ಕೊನೆಯ ಭೇಟಿ ನಿಂತದ್ದೂ ಅದೇ ನಿಮಿಷಕ್ಕೆ. ಮೈಸೂರೂ ಇಲ್ಲ, ಮಹಡಿಯೂ ಇಲ್ಲ. ರೋಣದಲ್ಲಿ ನೆಟ್ ಇದ್ದವರು ಬೆರಳೆಣಿಕೆಯ ಮಂದಿ, ಅವರೆಲ್ಲ ನಮ್ಮ ಗಿರಾಕಿಗಳೇ, ಅಲ್ಲಿ ಅವಳಿಲ್ಲ ಎಂದು ನನಗೆ ಗೊತ್ತಿತ್ತು. ಸುತ್ತಲ ಹಳ್ಳಿಗಳಿಗೆ ನೆಟ್ ಇನ್ನೂ ಬಂದಿರಲಿಲ್ಲ. ಇದ್ದರೆ ಗಜೇಂದ್ರಗಡದಲ್ಲೇ ಇರಬೇಕು. ಸುಳ್ಳು ಹೇಳಿದಳೆಂದು ನನಗೆ ಸಿಟ್ಟು ಬರಲಿಲ್ಲ. ಬಸ್ಸಿಗೆ ಕೂತರೆ ಸಿಗುವಷ್ಟು ಹತ್ತಿರದಲ್ಲಿ ಒಬ್ಬಳು ಗೆಳತಿ ಇದ್ದಾಳೆ ಎಂದು ಖುಷಿಯೇ ಆಯಿತು.

ಆ ವಾರವೇ ಒಂದು ಸೀರೆ ಅಂಗಡಿಯವರ ಕಾರ್ಡುಗಳನ್ನು ನಾನೇ ಮುಟ್ಟಿಸಿ ಬರುತ್ತೇನೆಂದು ಹೊರಟೆ. ಮಾಲಕರು ನನ್ನ ಮುಖ ನೋಡಿ, “ಆತು, ಹೋಗಿ ಬಾ. ಗಾಳಿ ಆಡಿದಂಗ ಆಕ್ಕೇತಿ” ಎಂದರು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಎದುರು ಬಂದ ಹೆಣ್ಣುಮಕ್ಕಳ ಮುಖವನ್ನೆಲ್ಲ ಹುಚ್ಚಿಯ ಹಾಗೆ ನೋಡಿದೆ. ಬುರ್ಖಾ ಹಾಕಿಕೊಂಡವಳು ಇರಬಹುದೇ, ಹಸಿಮೆಣಸಿನಕಾಯಿ ಆರಿಸುತ್ತಿರುವವಳು ಇರಬಹುದೇ. ನೇಕಾರರ ಓಣಿಯಲ್ಲಿ ಹಾದು ಹೋಗುವಾಗ ಮನೆಮನೆಯಿಂದಲೂ ಮಗ್ಗದ ಸದ್ದು. ಒಂದು ಮನೆಯ ಮುಂದೆ ಬಂದಾಗ ಅದು ಥಟ್ಟನೆ ನಿಂತಿತು. ಸದ್ದು ನಿಂತಾಗ ಅಳು ಬರುತ್ತದೆ ಎಂದವಳು ಇಂಥ ಮನೆಯವಳೇ ಸೈ ಅನ್ನಿಸಿತು. ಬಾಗಿಲು ತೆರೆದೇ ಇತ್ತು. ಏನೆಂದು ಕೂಗುವುದು? ಹಕ್ಕಿಯ ಹೆಸರು ಹಿಡಿದು ಕೂಗಲಾದೀತೇ? ಅಲ್ಲಿಂದ ಇಂಟರ್ನೆಟ್ ಸೆಂಟರಿಗೆ ಹೋಗಿ ಕೇಳಿದೆ.

“ಹೆಣ್ಣಮಕ್ಕಳ್ರಿ? ರಿಸಲ್ಟ್ ನೋಡಾಕ ಬರ್ತಾರ್ರಿ, ಅಣ್ಣನ್ನ ಕರಕೊಂಡು,” ಎಂದ ಅಂಗಡಿಯವ. “ಯಾಕ್ರಿ ಅಕ್ಕಾರ, ಯಾರ್ ಬೇಕಾಗಿತ್ರಿ?”

ಯಾರೂ ಬೇಡ ಎಂದು ಹೇಳಿ ಬಂದುಬಿಟ್ಟೆ.

ಮರುದಿನ ತಡೆಯಲಾಗಲಿಲ್ಲ. ಅವಳೊಬ್ಬಳಿಗೇ ಕಾಣುವ ಖಾಸಗಿ ಸಂದೇಶ ಬರೆದೆ. ಅಲ್ಲಿಯವರೆಗೆ ನಾವು ಪುಸ್ತಕದ ಕನ್ನಡದಲ್ಲೇ ಮಾತನಾಡಿದ್ದೆವು. ಅವಳಿಗೆ ಹಿತವೆನ್ನಿಸಲಿ ಎಂದು ಬೇಕೆಂದೇ ನಮ್ಮ ಮಾತಿನಲ್ಲಿ ಬರೆದೆ: ‘ಮೊನ್ನೆ ಗಾಳಿ ಬಿಟ್ಟಾಗ ನಿಮ್ಮಲ್ಲೂ ಲೈಟ್ ಹೋಗಿದ್ದು ಹೌದಲ್ರಿ? ನೀವು ಮೈಸೂರಿನವರಲ್ಲ, ನನಗ ಗೊತ್ತಾತು. ನಾ ಇಲ್ಲೇ ರೋಣದಾಗ ಅದೀನಿ. ಗಜೇಂದ್ರಗಡಕ್ಕ ಬಂದು ನಿಮ್ಮನ್ನ ಹುಡುಕಿದೆ. ಒಂದ್ ಸಲ ಭೆಟ್ಟಿ ಆಗೂಣಲ್ರಿ?’ ಕಳಿಸಿ, ಒಬ್ಬಳೇ ಕೂತು ನಕ್ಕೆ. ಮನೆಗೆ ಬಂದರೆ ಅವಳಿಗೆ ಏನು ಮಾಡಿ ಹಾಕಬೇಕು ಎಂದು ಯೋಚಿಸಿದೆ.

ಉತ್ತರ ಸಂಜೆಯೊಳಗೆ ಬಂತು. ಅವಳೂ ನಮ್ಮ ಮಾತಿನಲ್ಲೇ ಬರೆದಿದ್ದಳು.

‘ಅಣ್ಣಾರ, ನಿಮಗ ಕೈ ಮುಗಿತೀನ್ರಿ. ನಾ ಯಾರಿಗೂ ಏನೂ ಕೆಟ್ಟದ್ದು ಬರದಿಲ್ರಿ. ಮನ್ಯಾಗ ಗೊತ್ತಾದ್ರ ನನ್ನ ಹೊರಗ ಬಿಡೂದಿಲ್ರಿ. ಯಾರ ಮುಂದೂ ಹೇಳಬ್ಯಾಡ್ರಿ. ಇನ್ನ ಇಲ್ಲಿ ಬರೂದಿಲ್ರಿ.’

ಅಣ್ಣಾರ ಎಂಬುದನ್ನು ಇನ್ನೊಮ್ಮೆ ಓದಿದೆ. ನಾನು ಸರ್ ಎಂಬುದು ನನಗೇ ಮರೆತುಹೋಗಿತ್ತು. ಪಕ್ಕದೂರಿನ ಯಾವನೋ ಗಂಡಸು, ಅವಳು ಬರುವ ಹೊತ್ತು ಹೋಗುವ ಹೊತ್ತು ಕಾದು ನೋಡಿ, ಊರು ಪತ್ತೆ ಮಾಡಿ, ಹುಡುಕಿಕೊಂಡೂ ಬಂದು, ಈಗ ಭೆಟ್ಟಿಯಾಗು ಎನ್ನುತ್ತಿದ್ದಾನೆ. ಅವಳು ಓದಿದ್ದು ಇದನ್ನೇ. ‘ತಂಗೀ, ನಾನೂ ಹೆಣ್ಣಮಗಳ ಅದೀನವಾ, ಅಂಜಬ್ಯಾಡ’ ಎಂದು ಕೂಡಲೇ ಬರೆದೆ. ಬರೆಯುವಷ್ಟರಲ್ಲಿ ಅವಳ ಚುಕ್ಕೆ ಆರಿತ್ತು. ಅಂದು ಕರೆಂಟ್ ಇತ್ತು.

ಕಳಿಸಿದ ಸಂದೇಶದ ಮುಂದೆ ‘ಓದಿಲ್ಲ’ ಎಂದು ತೋರಿಸುತ್ತಿತ್ತು. ಮರುದಿನವೂ ಓದಿಲ್ಲ, ಮುಂದಿನ ವಾರವೂ ಓದಿಲ್ಲ. ಅದನ್ನು ಓದಬೇಕಾದರೆ ಅವಳು ಲಾಗಿನ್ ಆಗಬೇಕು. ಆದರೆ ನಾನು ನೋಡುತ್ತಿರುತ್ತೇನೆಂದು ಅಂಜಿದವಳು ಲಾಗಿನ್ ಹೇಗೆ ಆದಾಳು? ಒಂದು ದಾರಿ ಉಳಿದಿತ್ತು. ಎಲ್ಲರಿಗೂ ಕಾಣುವ ಕಡೆ ಬರೆದರೆ ಅವಳು ಹೆಸರಿಲ್ಲದೆ ಬಂದಾದರೂ ಓದಬಹುದು. ಎರಡು ದಿನ ಹಿಂದುಮುಂದು ನೋಡಿದೆ. ಸರ್ ಎಂಬ ನೆಮ್ಮದಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ, ಖರೇ ಹೇಳುತ್ತೇನೆ. ಕೊನೆಗೆ ಹರಟೆಯ ವಿಭಾಗದಲ್ಲಿ ಬರೆದೆ: ‘ನಾನು ಸರ್ ಅಲ್ಲ, ಹೆಣ್ಣುಮಗಳು. ಇದು ಒಬ್ಬರಿಗೆ ತಿಳಿಯಬೇಕಾಗಿದೆ.’

ಮೊದಲು ನಕ್ಕರು. ಏಪ್ರಿಲ್ ಒಂದು ಇನ್ನೂ ದೂರವಿದೆ ಸರ್ ಎಂದರು. ನಂಬಿದ ಮೇಲೆ ಆದದ್ದು ಬೇರೆ. ನನ್ನ ಜೊತೆ ಸಮಸಮ ಜಗಳವಾಡುತ್ತಿದ್ದವರು ‘ಮೇಡಂ, ಇದೆಲ್ಲ ನಿಮಗೆ ಅರ್ಥವಾಗುವುದಿಲ್ಲ ಬಿಡಿ’ ಎನ್ನತೊಡಗಿದರು. ಖಾಲಿ ಬಿದ್ದಿದ್ದ ನನ್ನ ಸಂದೇಶದ ಪೆಟ್ಟಿಗೆ ತುಂಬಿತು. ಊರು ಯಾವುದು, ಮದುವೆಯಾಗಿದೆಯೇ, ಫೋಟೋ ಇದೆಯೇ. ನಾನು ಬೈದು ಉತ್ತರ ಬರೆದೆ. ಬೈಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಹಕ್ಕಿಯ ಹೆಸರು ಮಾತ್ರ ಆ ಗದ್ದಲದಲ್ಲಿ ಎಲ್ಲೂ ಕಾಣಲಿಲ್ಲ.

ಒಂದು ದಿನ ಒಬ್ಬನಿಂದ ಬಹಳ ಸಭ್ಯವಾದ ಸಂದೇಶ ಬಂತು. ‘ನೀವು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಬರುತ್ತೀರಿ, ಭಾನುವಾರ ಬರುವುದಿಲ್ಲ, ನಡುನಡುವೆ ಎರಡು ತಾಸು ಇರುವುದಿಲ್ಲ. ಪೇಪರಿನಲ್ಲಿ ಬರುವ ಲೋಡ್ ಶೆಡ್ಡಿಂಗ್ ವೇಳೆಗಳ ಜೊತೆ ಹೋಲಿಸಿ ನೋಡಿದೆ. ಗದಗ ಜಿಲ್ಲೆಯೇ?’

ಪ್ರೆಸ್ಸಿನಲ್ಲಿ ಮಾಲಕರಿದ್ದರು, ಯಂತ್ರ ಓಡುತ್ತಿತ್ತು, ಹಾಡುಹಗಲು. ಆದರೂ ಎದ್ದು ಹೋಗಿ ರಸ್ತೆಯ ಕಡೆಯ ಬಾಗಿಲನ್ನು ಅರ್ಧ ಮುಚ್ಚಿ ಬಂದೆ. ಅವಳು ಎಷ್ಟು ಅಂಜಿರಬೇಕೆಂದು ನನಗೆ ಆಗ ತಿಳಿಯಿತು. ಉತ್ತರ ಬರೆಯಲಿಲ್ಲ. ಲಾಗೌಟ್ ಎಂಬುದು ಪುಟದ ಯಾವ ಮೂಲೆಯಲ್ಲಿದೆಯೆಂದು ಹುಡುಕಿ ಒತ್ತಿದೆ. ಮತ್ತೆಂದೂ ಆ ಹೆಸರಿನಲ್ಲಿ ಒಳಗೆ ಹೋಗಲಿಲ್ಲ.

ಹೋಗುವುದನ್ನೇನೂ ಬಿಡಲಿಲ್ಲ. ಹೆಸರಿಲ್ಲದೆ ಹೋಗಿ ಓದುತ್ತಿದ್ದೆ. ‘ಸರ್ ಎಲ್ಲಿ’ ಎಂದು ಒಂದಿಬ್ಬರು ಕೇಳಿದರು, ಆಮೇಲೆ ಮರೆತರು. ಹೆಸರಿಲ್ಲದೆ ಬಂದವರನ್ನು ಆ ವೇದಿಕೆ ಅತಿಥಿಗಳು ಎಂದು ಕರೆಯುತ್ತಿತ್ತು. ಯಾರು, ಎಲ್ಲಿಯವರು, ಯಾವಾಗ ಬಂದು ಹೋದರು ಎಂಬುದು ಯಾರಿಗೂ ಕಾಣುತ್ತಿರಲಿಲ್ಲ. ಎಷ್ಟು ಜನ ಎಂದಷ್ಟೇ ಪುಟದ ತುದಿಯಲ್ಲಿ ಬರುತ್ತಿತ್ತು. ಮಧ್ಯಾಹ್ನ ಎಲ್ಲರೂ ಅವರವರ ಕೆಲಸದಲ್ಲಿದ್ದಾಗ ಬಹಳ ಸಲ ‘ಅತಿಥಿಗಳು: ಇಬ್ಬರು’ ಎಂದು ತೋರಿಸುತ್ತಿತ್ತು.

ಒಬ್ಬಳು ನಾನು. ಇನ್ನೊಬ್ಬರು ಯಾರು ಬೇಕಾದರೂ ಆಗಿರಬಹುದು. ಅವಳೇ ಇರಲಿ ಎಂದು ಆಸೆಪಡುತ್ತ ಆ ಪುಟವನ್ನು ತೆರೆದಿಟ್ಟುಕೊಂಡು ಕೂರುತ್ತಿದ್ದೆ. ಕೇಳಬೇಕೆಂದರೆ ಲಾಗಿನ್ ಆಗಬೇಕಿತ್ತು.