ನಿಷತಳನ್ನು ಎಬ್ಬಿಸಿದವರು

ವರ್ಷದ ಉಳಿದ ತಿಂಗಳೆಲ್ಲ ಗಾದಿ ಹೊಲಿದು ಊರನ್ನು ಮಲಗಿಸುತ್ತಿದ್ದ ಖಾಜಾಸಾಬರು ರಂಜಾನ ತಿಂಗಳಲ್ಲಿ ಓಣಿಯನ್ನು ಎಬ್ಬಿಸುತ್ತಿದ್ದರು. ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಸೆಹರಿಯ ನಸುಕಿನ ಊಟಕ್ಕೆ ಏಳಬೇಕಾದವರೆಲ್ಲ ಅವರನ್ನೇ ನೆಚ್ಚಿಕೊಂಡಿದ್ದರು. ಕೈಯಲ್ಲೊಂದು ಡಬ್ಬಿ, ಒಂದು ಕೋಲು. ಒಳಗಿನಿಂದ “ಎದ್ದೇವ್ರಿ” ಎಂಬ ಉತ್ತರ ಬರುವ ತನಕ ಅವರು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಉತ್ತರ ಬಂದ ಮೇಲೂ ನಾಲ್ಕು ಮನೆ ದಾಟಿ ತಿರುಗಿ ನೋಡುತ್ತಿದ್ದರು. ದೀಪ ಹತ್ತದೆ ಇದ್ದರೆ ಮತ್ತೆ ಬರುತ್ತಿದ್ದರು.

“ಉತ್ತರ ಕೊಡಾಕ ಎಚ್ಚರ ಇರಬೇಕಂತೇನಿಲ್ಲ. ನಿದ್ದಿಗಣ್ಣಾಗೂ ಬಾಯಿ ಮಾತಾಡತೈತಿ,” ಎನ್ನುತ್ತಿದ್ದರು.

ಅವರಿಗೆ ಈ ಪಾಠ ಕಲಿಸಿದವಳು ಅವರ ಮಗಳು ನಿಷತ, ಅವರ ಬಾಯಲ್ಲಿ ನಿಶೂ. ಹಾಸಿಗೆಯಲ್ಲೇ “ಎದ್ದೇನಿ, ಅಪ್ಪಾ” ಎಂದು ಹೇಳಿ ಮಗ್ಗಲು ಬದಲಿಸುವ ಹುಡುಗಿ.

ನಿಡಗುಂದಿ ಹತ್ತಿರದ ಅವರ ಹೊಲ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಬಂದ ಪರಿಹಾರವನ್ನು ಖಾಜಾಸಾಬರು ಈ ಹುಡುಗಿಯ ಮೇಲೆ ಹಾಕಿದರು. ಆಕೆ ವಿಮಾನ ನಡೆಸುವುದನ್ನು ಕಲಿತಳು. ಹೈದರಾಬಾದಿನಿಂದ ಹಾರುವ ಒಂದು ಕಂಪನಿಯಲ್ಲಿ ಕೋ-ಪೈಲಟ್ ಆದಳು. ಮೂರು ವರ್ಷ ಕಳೆದ ಮೇಲೆ ಅಪ್ಪ ತೀರಿಕೊಂಡರು. ಅದಾಗಿ ಎರಡನೆಯ ವರ್ಷದ ಚಳಿಗಾಲದಲ್ಲಿ ನಡೆದದ್ದು ಇದು.

ವಾರದ ವಿಶ್ರಾಂತಿ ಎಂದು ಎರಡು ದಿನ ಸಿಕ್ಕಾಗ ನಿಷತ ರಾತ್ರಿ ಬಸ್ಸು ಹಿಡಿದು ಬಂದಳು. ಬೆಳಿಗ್ಗೆ ಕಟ್ಟೆಯ ಮೇಲೆ ಕೂತವಳನ್ನು ಎದುರು ಮನೆಯ ಮಲ್ಲಣ್ಣ ಮಾತಾಡಿಸಿದರು. ಅವರು ನಿವೃತ್ತ ಬಸ್ ಡ್ರೈವರ್.

“ಯಾಕವಾ, ಮಾರಿ ಬಾಡೇತಿ? ಮ್ಯಾಲ ಊಟ ಹಾಕಂಗಿಲ್ಲೇನು?”

“ಹಾಕತಾರ ಕಾಕಾ. ನಿದ್ದಿ ಹಾಕಂಗಿಲ್ಲ.”

“ಇಂಡಿ ಬಸ್ ಹೊಡಿಯೋ ಮುಂದ ನಾ ಬಾಯಾಗ ಎಲಿ-ಅಡಕಿ ಇಟ್ಟು ನಿದ್ದಿ ಕಳೀತಿದ್ದೆ. ನಿಮಗ ಅದಕ್ಕೂ ಪರ್ಮಿಶನ್ ಬೇಕೇನೋ.”

“ನಮಗ ನಿದ್ದಿಗೂ ಪರ್ಮಿಶನ್ ಐತಿ ಕಾಕಾ. ಅರ್ಧಾ ತಾಸು ಒಬ್ಬರು ಕೂತಲ್ಲೇ ಮಲಗಬಹುದು. ಇನ್ನೊಬ್ಬರು ಎಚ್ಚರ ಇರಬೇಕು.”

“ಆ ಇನ್ನೊಬ್ಬರಿಗೆ ನಿದ್ದಿ ಹತ್ತಿದ್ರ?”

ನಿಷತ ನಗಲಿಲ್ಲ. ಎದ್ದು ಒಳಗೆ ಹೋದಳು.

ಅಡುಗೆಮನೆಯಲ್ಲಿ ತಾಯಿ ಬಿಬಿಜಾನ ರೊಟ್ಟಿ ಬಡಿಯುತ್ತಿದ್ದರು. ಮಗಳು ಬಾಗಿಲ ಹತ್ತಿರ ಕೂತು, ಮೂರನೆಯ ರೊಟ್ಟಿ ಹಂಚಿಗೆ ಬೀಳುವ ಹೊತ್ತಿಗೆ ಹೇಳತೊಡಗಿದಳು.

ಆ ವಾರ ಮೂರು ದಿನ ನಸುಕಿಗೆ ಡ್ಯೂಟಿ ಹಾಕಿದ್ದರು. ನಾಲ್ಕನೆಯ ದಿನ ಮೊಬೈಲಿನಲ್ಲಿ ಪಟ್ಟಿ ಬದಲಾಗಿ ನಡುರಾತ್ರಿಯ ಡ್ಯೂಟಿ ಬಂತು. ನಡುವೆ ದಿಲ್ಲಿಯಲ್ಲಿ ಕೊಟ್ಟ ಹದಿಮೂರು ತಾಸಿನ ವಿಶ್ರಾಂತಿ ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಆದರೆ ಆ ಹದಿಮೂರು ತಾಸಿನಲ್ಲಿ ದಿಲ್ಲಿಯ ರಸ್ತೆಯಲ್ಲಿ ಗಾಡಿ ನಿಂತ ಹೊತ್ತೂ ಸೇರಿತ್ತು, ಹೋಟೆಲಿನ ಕೆಳಗೆ ಮದುವೆ ಬ್ಯಾಂಡು ಬಾರಿಸಿದ ಮಧ್ಯಾಹ್ನವೂ ಸೇರಿತ್ತು. ಹಾರುವ ಮುಂಚೆ ಪ್ರತಿ ಸಲ ಒಂದು ಪ್ರಶ್ನೆ ಬರುತ್ತದೆ: ಡ್ಯೂಟಿಗೆ ಸಮರ್ಥರಿದ್ದೀರಾ? ಹೌದು ಎಂದು ಒತ್ತಿದರೆ ಮುಂದಿನ ಪುಟ ತೆರೆಯುತ್ತದೆ. ಆಕೆ ಹೌದು ಎಂದು ಒತ್ತಿದಳು. ಇಲ್ಲ ಎಂದು ಒತ್ತಿದವರ ಹೆಸರು ಯಾವ ಪಟ್ಟಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು.

ಜೊತೆಗಿದ್ದ ಕ್ಯಾಪ್ಟನ್ ಸಂಜೀವಕುಮಾರ ಮೂಲತಃ ಬಸವನ ಬಾಗೇವಾಡಿಯವರು. ವಿಮಾನ ಮೇಲೇರಿ ನೆಟ್ಟಗೆ ಸಾಗತೊಡಗಿದ ಮೇಲೆ, “ಅರ್ಧಾ ತಾಸು ಕಣ್ಣ ಮುಚ್ಚತೇನಿ ತಂಗಿ, ನೀ ನೋಡ್ಕೋ,” ಎಂದು ಹೇಳಿ, ನಿಯಮದಂತೆ ಗಗನಸಖಿಗೂ ತಿಳಿಸಿ ಕುರ್ಚಿ ಹಿಂದೆ ಸರಿಸಿದರು. ನಿಷತ ಗಡಿಯಾರ ನೋಡಿಕೊಂಡಳು. ಎರಡು ಗಂಟೆ ಆರು ನಿಮಿಷ.

ಆಮೇಲೆ ಆಕೆಗೆ ಕೇಳಿಸಿದ್ದು ಅಪ್ಪನ ದನಿ. ಎಡಗಡೆಯಿಂದ, ಕ್ಯಾಪ್ಟನ್ನರ ಬದಿಯ ಕಿಟಕಿಯ ಆಚೆಯಿಂದ ಬಂದಂತೆ ಕೇಳಿಸಿತು.

“ನಿಶೂ, ದೀಪ ಹತ್ತಿಲ್ಲಲ್ಲಬೇ.”

“ಎದ್ದೇನಿ, ಅಪ್ಪಾ,” ಎಂದಳು. ಕಣ್ಣು ತೆರೆದಾಗ ಗಡಿಯಾರದಲ್ಲಿ ಎರಡು ಇಪ್ಪತ್ತು.

ಕ್ಯಾಪ್ಟನ್ ಮಿಸುಕಿ, “ಏನಂದಿ?” ಎಂದರು.

“ಏನಿಲ್ರಿ ಸರ್.”

ಆ ಹದಿನಾಲ್ಕು ನಿಮಿಷದಲ್ಲಿ ಕೆಳಗಿನ ಕಂಟ್ರೋಲಿನಿಂದ ಯಾರೂ ಕರೆದಿರಲಿಲ್ಲ. ವಿಮಾನ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಹೈದರಾಬಾದಿನಲ್ಲಿ ಇಳಿದರು. ಎಲ್ಲರೂ ತಮ್ಮ ತಮ್ಮ ಚೀಲ ತೆಗೆದುಕೊಂಡು ಹೋದರು.

ಬಿಬಿಜಾನ ರೊಟ್ಟಿ ತಿರುವುವುದನ್ನು ಮರೆತಿದ್ದರು. ಕರಕಾದ ವಾಸನೆ ಬಂದ ಮೇಲೆ ತೆಗೆದಿಟ್ಟು ಕೇಳಿದರು: “ಯಾರಿಗರ ಹೇಳೀಯೇನು?”

“ಇಲ್ಲ. ಇಂಥಾದ್ದು ಆದ್ರ ಮೂರು ದಿನದಾಗ ಕಂಪನಿ ಫಾರ್ಮಿನಾಗ ಬರದು ಕಳಸಬೇಕು. ನಾಳೆ ಮೂರನೇ ದಿನ.”

“ಬರೀಲಿಲ್ಲಂದ್ರ?”

“ಯಾರಿಗೂ ಗೊತ್ತಾಗಂಗಿಲ್ಲ ಅವ್ವಾ.”

ಬರೆಯುವುದಕ್ಕೆ ಹೆದರಿರಲಿಲ್ಲ ನಿಷತ. ಆಕೆಯನ್ನು ತಡೆದದ್ದು ಆ ಫಾರ್ಮಿನ ಒಂದು ಕಾಲಂ. ಎಚ್ಚರಾದದ್ದು ಹೇಗೆ? ಸಹೋದ್ಯೋಗಿಯಿಂದ, ಗಗನಸಖಿಯ ಕರೆಯಿಂದ, ಎಚ್ಚರಿಕೆ ಗಂಟೆಯಿಂದ, ಇತರೆ. ಇತರೆ ಎಂದರೆ ವಿವರಿಸಬೇಕು. ತೀರಿಹೋದ ತಂದೆ ಕರೆದರು ಎಂದು ಬರೆದರೆ ತಲೆಯ ಡಾಕ್ಟರರ ಹತ್ತಿರ ಕಳಿಸುತ್ತಾರೆ. ಆರು ತಿಂಗಳು ಹಾರದೆ ಕೂತರೆ ಬೋನಸ್ಸು ಹಿಂದಿರುಗಿಸಬೇಕು. ಮೂರು ವರ್ಷ ಕಂಪನಿ ಬಿಡುವುದಿಲ್ಲವೆಂದು ಬರೆದುಕೊಟ್ಟಿದ್ದಕ್ಕೆ ಬಂದ ಬೋನಸ್ಸು ಅದು. ಕಾಗದದ ಮೇಲೆ ಹದಿನೈದು ಲಕ್ಷ. ತೆರಿಗೆ ಮುರಿದು ಕೈಗೆ ಬಂದದ್ದು ಹತ್ತು ಲಕ್ಷ ಚಿಲ್ಲರೆ. ಹಿಂದೆ ಕೊಡುವಾಗ ಮಾತ್ರ ಹದಿನೈದೂ ಕೊಡಬೇಕು. ಬಂದ ದುಡ್ಡು ಮಾಳಿಗೆಯ ಕೋಣೆಯಾಗಿ ನಿಂತಿತ್ತು.

ಆ ತೆರಿಗೆಯ ಮಾತು ಮೊದಲ ಸಲ ಕೇಳಿದ ದಿನ ಬಿಬಿಜಾನ, “ನೂರಕ್ಕ ಎರಡೂವರೆ ಜಕಾತ ಸಾಕಂತಾನ ಅಲ್ಲಾಹ. ನಿಮ್ಮ ಸರ್ಕಾರ ಅವನಕಿಂತ ಬಡವ ಐತೇನು?” ಎಂದು ಓಣಿಯನ್ನೆಲ್ಲ ನಗಿಸಿದ್ದರು. ಈಗ ಅವರು ಕರಕಾದ ರೊಟ್ಟಿಯನ್ನು ಬದಿಗೆ ಸರಿಸಿ ಇನ್ನೊಂದು ಬಡಿಯತೊಡಗಿದರು.

ಮಧ್ಯಾಹ್ನ ನಿಷತ ಕ್ಯಾಪ್ಟನ್ನರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು. ದನಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ವಿಚಾರ ಮಾಡಿ ಹೇಳುತ್ತೇನೆ ಎಂದು ಫೋನು ಇಟ್ಟರು. ಸಂಜೆ ಅವರೇ ಮತ್ತೆ ಕರೆದರು.

“ತಂಗಿ, ಒಂದ ಮಾತು ಹೇಳತೇನಿ. ಆ ರಾತ್ರಿ ನನಗ ಅರೆ ಎಚ್ಚರ ಇತ್ತು. ನಿನ್ನ ತಲಿ ಬಾಗಿದ್ದು ಕಂಡಂಗಿತ್ತು. ನಿಷತ ಅಂತ ಕರದೆ ಅನಸ್ತೈತಿ. ಖರೇ ಕರದ್ನೋ, ಕನಸಿನಾಗ ಕರದ್ನೋ, ಗೊತ್ತಿಲ್ಲ.”

“ನೀವು ಕರದಿರಬಹುದ್ರಿ ಸರ್.”

“ಹಂಗ ಬರಿ. ಸಹೋದ್ಯೋಗಿ ಎಬ್ಬಿಸಿದರು ಅಂತ ಗುರ್ತ ಹಾಕು. ನಾ ಸಹಿ ಮಾಡತೇನಿ. ನಿನಗೂ ಚಲೋ, ನನಗೂ ಚಲೋ. ನನ್ನ ರಿಟೈರಿಗೆ ಇನ್ನ ಎರಡು ವರ್ಷ ಐತಿ.”

“ನಿಶೂ ಅಂತ ಕರದ್ರೇನ್ರಿ?”

“ಆ ಹೆಸರು ನನಗೆಲ್ಲಿ ಗೊತ್ತೈತಿ?” ಎಂದರು ಕ್ಯಾಪ್ಟನ್.

ಆ ರಾತ್ರಿ ನಿಷತ ಅಪ್ಪ ಹೊಲಿದ ಗಾದಿಯ ಮೇಲೆ ಮಲಗಿದಳು, ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ದನಿ ಕೇಳಿಸುವುದೆಂಬ ಭಯ. ಕೇಳಿಸದಿದ್ದರೆ ಎಂಬ ಭಯ ಅದಕ್ಕಿಂತ ದೊಡ್ಡದು. ಬೆಳಗಿನ ನಮಾಜು ಮುಗಿಸಿ ಬಂದ ತಾಯಿ ಮಗಳ ತಲೆ ಮುಟ್ಟಿದರು.

“ಕ್ಯಾಪ್ಟನ್ ಹೇಳಿದಂಗ ಬರದ್ರ ಸುಳ್ಳಾಕ್ಕೈತೇನು?”

“ಗೊತ್ತಿಲ್ಲವ್ವಾ.”

“ಅಪ್ಪ ಕರದಾ ಅಂತ ಬರದ್ರ?”

“ಅದೂ ಗೊತ್ತಿಲ್ಲ.”

“ಗೊತ್ತಿಲ್ಲ ಅಂದಿದ್ದನ್ನ ಗೊತ್ತೈತಿ ಅಂತ ಬರೀಬ್ಯಾಡ. ಮಾಳಗಿ ಹೋದ್ರ ಹೋಗಲಿ, ಕೆಳಗ ನಾಕು ಗ್ವಾಡಿ ಅದಾವು.”

ನಿಷತ ಬರೆದಳು. ಕಡೆಯ ಸಲ ಗಡಿಯಾರ ನೋಡಿದ್ದು ಎಷ್ಟು ಹೊತ್ತಿಗೆ, ಕಣ್ಣು ತೆರೆದದ್ದು ಎಷ್ಟು ಹೊತ್ತಿಗೆ, ಅದಕ್ಕೂ ಮುಂಚಿನ ನಾಲ್ಕು ದಿನಗಳಲ್ಲಿ ನಿಜವಾಗಿ ಎಷ್ಟು ತಾಸು ಮಲಗಿದಳು, ಎಲ್ಲವನ್ನೂ. ಇತರೆ ಎಂಬಲ್ಲಿ ಗುರುತು ಹಾಕಿ ಮುಂದೆ ಬರೆದಳು: ದನಿ ಕೇಳಿಸಿತು. ಯಾರದೆಂದು ಖಚಿತವಾಗಿ ಹೇಳಲಾರೆ.

ಎರಡು ತಾಸಿನೊಳಗೆ ಮೊಬೈಲಿನಲ್ಲಿ ಮುಂದಿನ ವಾರದ ಡ್ಯೂಟಿಗಳೆಲ್ಲ ಅಳಿಸಿಹೋದವು. ಡಾಕ್ಟರರ ಪತ್ರ ಬರುವ ತನಕ ಹಾರುವಂತಿಲ್ಲ ಎಂದು ಸಂದೇಶ ಬಂತು. ವಿಶ್ರಾಂತಿಯ ಬಗ್ಗೆ ಒಂದೇ ಸಾಲು: ನಿಯಮಾನುಸಾರ ನೀಡಲಾಗಿದೆ.

ಎಂಟನೆಯ ದಿನ ಕಂಪನಿಯ ವಿಚಾರಣೆಯವರು ಫೋನು ಮಾಡಿದರು. ನಿಷತ ಮಾಳಿಗೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮುಕ್ಕಾಲು ತಾಸು ಮಾತಾಡಿದಳು. ಕೆಳಗಿಳಿದಾಗ ಬಿಬಿಜಾನ ಮೆಟ್ಟಿಲ ಬುಡದಲ್ಲೇ ಕೂತಿದ್ದರು.

“ಏನ ಕೇಳಿದ್ರು?”

“ಎಲ್ಲಾ ಕೇಳಿದ್ರು. ಕಡೀಕ, ಎಚ್ಚರ ಆಗದಿದ್ರ ಏನ ಆಗತಿತ್ತು ಅಂತ ಕೇಳಿದ್ರು.”





ತಾಯಿ ತಸಬಿಯ ಮಣಿ ಸರಿಸುವುದನ್ನು ನಿಲ್ಲಿಸಿದರು.

“ಹಿಂದ ಎಷ್ಟ ಮಂದಿ ಕುಂತಿದ್ರು?”

“ನೂರಾ ಎಪ್ಪತ್ತೆಂಟು.”

“ಕೂಸುಗಳನ್ನ ಹಿಡದು?”

“ತೊಡಿ ಮ್ಯಾಲಿನ ಕೂಸುಗಳನ್ನ ಬ್ಯಾರೆ ಎಣಸತಾರ ಅವ್ವಾ,” ಎಂದಳು ನಿಷತ. “ನಾಕು ಇದ್ದುವು.”